ಚುಕ್ಕೆ ಇಲ್ಲ ಅಂದರೆ ರಸ್ತೆ ಸೇಫ್ ಅಂತಲೇ?

ಮೊನ್ನೆ ಗೆಳೆಯರೊಬ್ಬರು ಒಂದು ನಕ್ಷೆ ಕಳಿಸಿದ್ದರು. ಲಿಂಗಸುಗೂರು, ಮಸ್ಕಿ, ಸಿಂಧನೂರು ದಾರಿಯಲ್ಲಿ ಅಪಘಾತದಲ್ಲಿ ಸತ್ತವರದ್ದು. ಪತ್ರಿಕೆ ಸುದ್ದಿಗಳನ್ನೆಲ್ಲ ಕೂಡಿಸಿ, ಸಾವಾದ ಕಡೆಗೆಲ್ಲ ಕೆಂಪು ಚುಕ್ಕೆ ಇಟ್ಟಿದ್ದರು. ದಡಾರ ಎದ್ದ ಮೈ ಹಾಗಿತ್ತು. ಸೈಕಲ್ಲಿನವರದ್ದು ಮಾತ್ರ ಬೇರೆ ನಕ್ಷೆ, ಅದು ಹೆಚ್ಚುಕಮ್ಮಿ ಖಾಲಿ. ಕೆಳಗೊಂದು ಷರಾ: "ನೋಡ್ರಿ, ನಿಮ್ಮ ಕಡೆ ಸೈಕಲ್ಲಿಗೆ ರಸ್ತೆ ಭಾಳ ಸೇಫ್!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ...

ನಮ್ಮಣ್ಣನ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಸಿಕ್ಕಿತ್ತು. ಊರಿಂದ ಮಸ್ಕಿಗೆ ನಾಲ್ಕು ಕಿಲೋಮೀಟರ್, ಅದರಲ್ಲಿ ಅರ್ಧ ಹೈವೇ ಮೇಲೆ. ಒಂದು ದಿನ ಲಾರಿಯೊಂದು ಓವರ್‌ಟೇಕ್ ಮಾಡಿಕೊಂಡು ಎದುರಿಗೆ ಬಂತು. ಹುಡುಗಿ ಸೈಕಲ್ ಸಮೇತ ತಗ್ಗಿಗೆ ಬಿದ್ದಳು. ಮೊಣಕಾಲು ತರಚಿತು, ಅಷ್ಟೇ. ಸಂಜೆ ಅಣ್ಣ ಸೈಕಲ್ಲನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿ, "ನಾಳಿಂದ ಟಂಟಂನ್ಯಾಗ ಹೋಗವ್ವಾ" ಅಂದ. ಟಂಟಂ ಸಿಗದ ದಿನ ಸ್ಕೂಲೂ ಇಲ್ಲ. ಈ ಕತೆಗೆ ನಕ್ಷೆಯಲ್ಲಿ ಚುಕ್ಕೆ ಇಲ್ಲ, ಯಾಕೆಂದರೆ ಅವಳು ಸಾಯಲಿಲ್ಲ. ಆದರೆ ಆ ರಸ್ತೆಯಲ್ಲಿ ಒಂದು ಸೈಕಲ್ ಕಮ್ಮಿಯಾಯಿತು. ಅದನ್ನೇ ನೀವು ಸುರಕ್ಷತೆ ಅಂತ ಓದುತ್ತಿದ್ದೀರಿ ಸ್ವಾಮೀ!

ಸುಮ್ಮನೆ ಒಂದು ಲೆಕ್ಕ ಹಾಕೋಣ. ಒಂದು ರಸ್ತೆಯಲ್ಲಿ ದಿನಾ ಸಾವಿರ ಸೈಕಲ್, ವರ್ಷಕ್ಕೆ ಎರಡು ಸಾವು ಅಂತಿಟ್ಟುಕೊಳ್ಳಿ. ಇನ್ನೊಂದರಲ್ಲಿ ಐವತ್ತೇ ಸೈಕಲ್, ಒಂದು ಸಾವು. ನಕ್ಷೆಯಲ್ಲಿ ಮೊದಲನೆಯದು ಕೆಟ್ಟದಾಗಿ ಕಾಣುತ್ತದೆ. ನಿಜಕ್ಕೂ ಎರಡನೆಯದೇ ಹತ್ತು ಪಟ್ಟು ಅಪಾಯ. ಕೆಳಗಿನ ಸಂಖ್ಯೆ ಇಲ್ಲದೆ ಮೇಲಿನ ಸಂಖ್ಯೆಗೆ ಬೆಲೆ ಇಲ್ಲ. 2006-07ರಲ್ಲಿ ಶುರುವಾದ ಎಂಟನೇ ಕ್ಲಾಸಿನ ಉಚಿತ ಸೈಕಲ್ ಯೋಜನೆ 2020-21ರಲ್ಲಿ, ಕೋವಿಡ್ ಹೊತ್ತಿಗೆ ನಿಂತಿತು. ಆಮೇಲೆ ಚುಕ್ಕೆ ಕಮ್ಮಿಯಾಗಿದ್ದರೆ ರಸ್ತೆ ಸುಧಾರಿಸಿತೋ, ಸೈಕಲ್ಲೇ ಮಾಯವಾದವೋ? ನಕ್ಷೆ ಹೇಳುವುದಿಲ್ಲ.

ಸಾವಿನ ನಕ್ಷೆ ಅಂದರೆ ಎಲ್ಲರೂ 1854ರ ಲಂಡನ್ ಕಾಲರಾ, ಜಾನ್ ಸ್ನೋ, ಬ್ರಾಡ್ ಸ್ಟ್ರೀಟ್ ಪಂಪಿನ ಕತೆ ಹೇಳುತ್ತಾರೆ. ಆದರೆ ಆತ ಸಾವಿಲ್ಲದ ಜಾಗವನ್ನೂ ಓದಿದ್ದ. ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಯಾಕೆ ಸಾಯಲಿಲ್ಲ ಅಂತ ಹೋಗಿ ಕೇಳಿದ. ಅವರು ಆ ಪಂಪಿನ ನೀರೇ ಕುಡಿಯುತ್ತಿರಲಿಲ್ಲ! ನಮ್ಮ ಸೈಕಲ್ ನಕ್ಷೆಯ ಖಾಲಿ ಜಾಗವೂ ಹಾಗೇ. ಹೋಗಿ ಕೇಳಬೇಕು.

ಇನ್ನು ಇರುವ ಚುಕ್ಕೆಗಳ ಕತೆ. ಎಫ್‌ಐಆರ್‌ನಲ್ಲಿ ಠಾಣೆಯಿಂದ ಯಾವ ದಿಕ್ಕು, ಎಷ್ಟು ದೂರ ಅಂತ ಬರೆಯುತ್ತಾರೆ. ಅದನ್ನು ನೋಡಿ ಇಟ್ಟ ಹಳೆಯ ಚುಕ್ಕೆ ಅರ್ಧ ಕಿಲೋಮೀಟರ್ ಆಚೀಚೆ ಆದರೂ ಅಚ್ಚರಿಯಿಲ್ಲ. 2021ರಿಂದ ಐರಾಡ್ ಆ್ಯಪ್ ಬಂದಮೇಲೆ ಜಾಗದಿಂದಲೇ ಜಿಪಿಎಸ್ ಗುರುತು. ಹಳೆಯದನ್ನೂ ಹೊಸದನ್ನೂ ಒಂದೇ ಬಣ್ಣದಲ್ಲಿ ಇಟ್ಟರೆ ಹೇಗೆ? ಸಿಂಧನೂರಲ್ಲಿ ಬಿದ್ದವನನ್ನು ರಾಯಚೂರಿಗೋ ಬಳ್ಳಾರಿಗೋ ಒಯ್ಯುತ್ತಾರೆ, ಅವನು ಹತ್ತು ದಿನದ ಮೇಲೆ ಅಲ್ಲಿ ತೀರಿಕೊಳ್ಳುತ್ತಾನೆ. ಮೂವತ್ತು ದಿನದೊಳಗಿನ ಸಾವು ಅಪಘಾತದ ಲೆಕ್ಕಕ್ಕೇ ಸೇರಬೇಕು. ಪತ್ರಿಕೆಯಲ್ಲಿ ಮಾತ್ರ ಮೊದಲ ದಿನ "ಗಾಯ" ಅಂತ ಬಂದದ್ದು ಹಾಗೇ ಉಳಿಯುತ್ತದೆ. ಇತ್ತ, 2025ರ ಜನವರಿ 21ರ ರಾತ್ರಿ ಸಿಂಧನೂರು ಹತ್ತಿರ ಮಂತ್ರಾಲಯದ ವಿದ್ಯಾರ್ಥಿಗಳಿದ್ದ ವಾಹನ ಉರುಳಿ ಚಾಲಕನೂ ಸೇರಿ ನಾಲ್ವರು ತೀರಿಕೊಂಡರು. ನಾಲ್ಕು ಮನೆಯ ದುಃಖ, ನಕ್ಷೆಯಲ್ಲಿ ಒಂದೇ ಚುಕ್ಕೆ.

ತಾಲ್ಲೂಕುವಾರು ಬಣ್ಣ ಬಳಿಯುವುದು ಇನ್ನೂ ತಮಾಷೆ. ಮಸ್ಕಿ ತಾಲ್ಲೂಕು ಆದದ್ದೇ 2018ರಲ್ಲಿ, ಲಿಂಗಸುಗೂರು, ಸಿಂಧನೂರು, ಮಾನ್ವಿಯಿಂದ ಹಳ್ಳಿಗಳನ್ನು ತೆಗೆದು. ಹಳೆಯ ಲೆಕ್ಕ ಹಳೆಯ ಗಡಿಗೆ, ಹೊಸದು ಹೊಸ ಗಡಿಗೆ ಹಾಕಿದರೆ, ಯಾರೂ ಬದುಕದಿದ್ದರೂ ಲಿಂಗಸುಗೂರಿನಲ್ಲಿ ಸಾವು ಇಳಿದಂತೆ ಕಾಣುತ್ತದೆ!

ನನಗೆ ಸಿಟ್ಟು ಬರುವುದು ಇಲ್ಲಿ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ, ಹೆದ್ದಾರಿಯ 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆದರೆ ಅದು ಬ್ಲ್ಯಾಕ್ ಸ್ಪಾಟ್. ಆಗ ದುಡ್ಡು ಬರುತ್ತದೆ, ರಿಪೇರಿ ಆಗುತ್ತದೆ. ಸೈಕಲ್ಲಿನವನು ಸಾಯುವುದು ಹಾಗೆ ಒಂದೇ ಕಡೆ ಗುಂಪಾಗಿ ಅಲ್ಲ. ಒಬ್ಬ ಕ್ಯಾಂಪಿನ ತಿರುವಿನಲ್ಲಿ, ಇನ್ನೊಬ್ಬ ಎಂಟು ಕಿಲೋಮೀಟರ್ ಆಚೆ, ಹಿಂದೆ ಲೈಟಿಲ್ಲದೆ ನಿಂತ ಭತ್ತದ ಟ್ರ್ಯಾಕ್ಟರ್ ಹತ್ತಿರ. ರಾಶಿ ಒಣಹಾಕಿ ರಸ್ತೆ ಅರ್ಧವಾದಾಗ ಮಗದೊಬ್ಬ. ಅವರನ್ನು ಕೂಡಿಸಿದರೂ ಬ್ಲ್ಯಾಕ್ ಸ್ಪಾಟ್ ಆಗುವುದಿಲ್ಲ. ಅವರ ಅಪಾಯ ಒಂದು ಜಾಗದಲ್ಲಿಲ್ಲ, ಇಡೀ ರಸ್ತೆಯ ಅಂಚಿನಲ್ಲಿದೆ. ನಕ್ಷೆಯಲ್ಲಿ ಗುಂಪನ್ನೇ ಹುಡುಕುವ ಕಣ್ಣಿಗೆ ಒಂಟಿ ಚುಕ್ಕೆ ಬರೀ "ಹಣೆಬರಹ".

ಹಾಗಂತ ನಕ್ಷೆಯೇ ಬೇಡ ಅನ್ನುತ್ತಿಲ್ಲ. ಹಾಕಿ. ಆದರೆ ಯಾವ ವರ್ಷ, ಎಷ್ಟು ಹೊತ್ತಿಗೆ, ಗುದ್ದಿದ್ದು ಯಾವ ಗಾಡಿ, ಒಂದು ಚುಕ್ಕೆ ಅಂದರೆ ಒಂದು ಸಾವೋ ಒಂದು ಅಪಘಾತವೋ ಅಂತ ಕೆಳಗೆ ಬರೆಯಿರಿ. ಮುಖ್ಯವಾಗಿ, ಒಂದು ದಿನ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಆ ರಸ್ತೆ ಬದಿಯ ಚಹಾದಂಗಡಿಯಲ್ಲಿ ಕೂತು ಸೈಕಲ್ ಎಣಿಸಿ. ನಾನು ಬರುವ ಸೋಮವಾರ ಮಸ್ಕಿಯಲ್ಲಿ ಎಣಿಸುತ್ತೇನೆ. ನಿಮ್ಮೂರಲ್ಲಿ ನೀವು ಎಣಿಸಿ ಬರೆಯುತ್ತೀರಾ?

ಅಂದಹಾಗೆ, ಆ ಸೈಕಲ್ ಇನ್ನೂ ತೊಲೆಗೇ ನೇತಾಡುತ್ತಿದೆ. ಟೈರು ಹೊಸದರಂತೇ ಇದೆ.