ತೊದಲೂ ಬಡಬಡಿಕೆಯೂ ಒಂದೇ ಎಂಬವರಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಮನೆಮಾತಿನಲ್ಲಿ ಕೆಟ್ಟ ನುಡಿಗೆ ಹಲವು ಹೆಸರುಗಳುಂಟು. ಇವೆಲ್ಲವೂ ಗ್ರಾಮ್ಯವೆಂತಲೂ, ಏಕಾರ್ಥಕವೆಂತಲೂ, ಬರವಣಿಗೆಗೆ ‘ಅಸಂಬದ್ಧ ಪ್ರಲಾಪ’ವೆಂಬುದೊಂದೇ ಸಾಕೆಂತಲೂ ಕೆಲವರು ವಾದಿಸುವರು. ಈ ವಾದವು ಕನ್ನಡಕ್ಕೂ ಸಲ್ಲದು, ಅವರು ನೆಮ್ಮಿದ ಸಂಸ್ಕೃತಕ್ಕೂ ಸಲ್ಲದು.

ಮೊದಲು ಸಂಸ್ಕೃತವನ್ನೇ ನೋಡಬೇಕು. ಅಮರಸಿಂಹನು ಶಬ್ದಾದಿವರ್ಗದಲ್ಲಿ ಅರ್ಥವಿಲ್ಲದ ಮಾತನ್ನು ಪ್ರಲಾಪವೆಂದೂ, ಅಳಲಿನ ಮಾತನ್ನು ವಿಲಾಪವೆಂದೂ, ಒಂದಕ್ಕೊಂದು ವಿರುದ್ಧವಾದುದನ್ನು ವಿಪ್ರಲಾಪವೆಂದೂ ಹೇಳಿದನು. ಅಷ್ಟಕ್ಕೇ ನಿಲ್ಲದೆ, ಅಕ್ಷರವೋ ಪದವೋ ಲೋಪವಾದುದು ಗ್ರಸ್ತ, ಅವಸರದಲ್ಲಿ ಆಡಿದುದು ನಿರಸ್ತ, ಉಗುಳು ಸಿಡಿಯುವಂತೆ ನುಡಿದುದು ಅಂಬೂಕೃತ, ಸ್ಪಷ್ಟವಲ್ಲದುದು ಮ್ಲಿಷ್ಟ ಎಂದು ಬೇರ್ಪಡಿಸಿದನು. ಅರ್ಥದ ಕೇಡು ಬೇರೆ, ಉಚ್ಚಾರದ ಕೇಡು ಬೇರೆ ಎಂಬುದೇ ಇದರ ತಾತ್ಪರ್ಯ. ಎಲ್ಲವನ್ನೂ ಪ್ರಲಾಪವೆನ್ನುವವರು ಅಮರವನ್ನು ಬಾಯಿಪಾಠ ಮಾಡಿರಬಹುದು, ಓದಿದಂತೆ ಕಾಣದು.

ಕನ್ನಡವೂ ಇದೇ ವಿವೇಕವನ್ನು ತೋರಿದೆ. ತೊದಲುವವನ ನಾಲಿಗೆ ತೊಡಕುವುದು, ಬುದ್ಧಿ ನೆಟ್ಟಗಿರಬಹುದು. ಉಗ್ಗುವವನು ಅಕ್ಷರವೊಂದರಲ್ಲಿ ಸಿಕ್ಕಿಕೊಳ್ಳುವನು. ಬಡಬಡಿಸುವವನ ನಾಲಿಗೆ ಸಲೀಸಾಗಿ ಓಡುವುದು, ಅರ್ಥಕ್ಕೆ ಹಿಡಿತವಿರದು. ಕನವರಿಕೆ ನಿದ್ದೆಯದು. ಗೊಣಗುವವನಿಗೆ ಅರ್ಥವೂ ಉಂಟು, ಅದು ಕೇಳುವವರಿಗೆ ಪೂರ್ತಿ ಮುಟ್ಟಬಾರದೆಂಬ ಮನಸ್ಸೂ ಉಂಟು. ಹಲುಬುವವನ ಮಾತಿನೊಳಗೆ ದುಃಖವಿದೆ.

ಹಳ್ಳಿಗರು ಇಷ್ಟು ಭೇದವನ್ನು ಎಣಿಸುವರೇ ಎಂದು ಆಕ್ಷೇಪಿಸಬಹುದು. ತೊಟ್ಟಿಲ ಕೂಸು ಗೊಣಗಿತೆಂದು ಯಾವ ತಾಯಿ ಹೇಳಿಯಾಳು? ಜ್ವರದ ತಾಪದಲ್ಲಿ ಎಚ್ಚರದಪ್ಪಿ ಮಾತಾಡುವವನು ಉಗ್ಗಿದನೆಂದು ಯಾರು ಅಂದಾರು?

ಇದು ಬರಿಯ ಪಂಡಿತರ ಜಗಳವಲ್ಲ. ಸನ್ನಿಪಾತ ಜ್ವರದ ಲಕ್ಷಣಗಳಲ್ಲಿ ಆಯುರ್ವೇದವು ಪ್ರಲಾಪವನ್ನು ಎಣಿಸಿದೆ, ಅದು ಬಡಬಡಿಕೆ. ನೆಟ್ಟಗಿದ್ದವನ ಮಾತು ಒಮ್ಮೆಲೇ ತೊದಲಿದರೆ ಅದು ಪಾರ್ಶ್ವವಾಯುವಿನ ಗುರುತಾಗಿರಬಹುದು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೇ ಕೊಡಬೇಕು. ದೂರದ ಹಳ್ಳಿಯಿಂದ ಆಸ್ಪತ್ರೆಗೆ ಸುದ್ದಿ ಮುಟ್ಟಿಸುವ ಮಗನಿಗೆ ‘ಅಪ್ಪನ ಮಾತು ತೊದಲುತ್ತಿದೆ’ ಎಂಬ ಪದವಿದ್ದರೆ ವೈದ್ಯನು ಎಚ್ಚರಗೊಳ್ಳುವನು. ‘ಏನೇನೋ ಅಸಂಬದ್ಧ ಆಡುತ್ತಾನೆ’ ಎಂದಷ್ಟೇ ತಿಳಿಸಿದರೆ ಹೊತ್ತು ವ್ಯರ್ಥವಾದೀತು.

ಇನ್ನು ಗ್ರಾಮ್ಯವೆಂಬ ಹಳಿಕೆ. 1894ರಲ್ಲಿ ಅಚ್ಚಾದ ತನ್ನ ನಿಘಂಟಿಗೆ ಆಡುಮಾತನ್ನೂ ಸೇರಿಸಿಕೊಳ್ಳಲು ಜರ್ಮನಿಯಿಂದ ಬಂದ ಕಿಟ್ಟೆಲನು ನಾಚಲಿಲ್ಲ. 1931ರಲ್ಲಿ ‘ಗರತಿಯ ಹಾಡು’ ಹೊರತಂದ ಹಲಸಂಗಿಯ ಗೆಳೆಯರು ಇದೇ ಸೀಮೆಯವರು. ಬೀಸುವ ಕಲ್ಲಿನ ಮುಂದಿನ ನುಡಿಗೆ ಗ್ರಂಥದಲ್ಲಿ ಸ್ಥಾನವುಂಟೆಂದು ಅವರು ತೋರಿಸಿಕೊಟ್ಟರು. ಈ ನೆಲದವರೇ ಈ ಪದಗಳನ್ನು ಹೊರಹಾಕುವುದು ಯಾವ ನ್ಯಾಯ?

ಒಂದು ಪದ ಸತ್ತರೆ ಒಂದು ಭೇದಜ್ಞಾನವೇ ಸಾಯುವುದು. ಬರೆಯುವವರೂ ಕಲಿಸುವವರೂ ತೊದಲನ್ನು ತೊದಲೆಂದೇ ಬರೆಯಲಿ, ಬಡಬಡಿಕೆಯನ್ನು ಬಡಬಡಿಕೆಯೆಂದೇ ಕರೆಯಲಿ.