ವಿಮೆ ಇರುವುದು ಕಾಯಿಲೆಗೋ, ಗಡಿಯಾರಕ್ಕೋ?

ರಾತ್ರಿ ಎರಡು ಗಂಟೆಗೆ ಎದೆನೋವೆಂದು ಹಿರಿಯರೊಬ್ಬರನ್ನು ಪುಣೆಯಲ್ಲೋ ಮುಂಬಯಿಯಲ್ಲೋ ಮಕ್ಕಳು ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ದರೆನ್ನೋಣ. ಇಸಿಜಿ ಆಗುತ್ತದೆ, ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೋನಿನ್ ರಕ್ತಪರೀಕ್ಷೆ ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ನಡೆಯುತ್ತದೆ. ಅಪಾಯವಿಲ್ಲವೆಂದು ಖಚಿತವಾದ ಮೇಲೆ ವೈದ್ಯರು ಬೆಳಿಗ್ಗೆ ಮನೆಗೆ ಕಳುಹಿಸುತ್ತಾರೆ. ಮನೆಮಂದಿಗೆ ಅದು ನೆಮ್ಮದಿಯ ಸುದ್ದಿ. ವಿಮಾ ಕಂಪನಿಗೆ ಅದೇ ಕ್ಲೇಮು ತಿರಸ್ಕರಿಸುವ ಕಾರಣ.

ಏಕೆಂದರೆ ನಮ್ಮ ದೇಶದ ಸಾಮಾನ್ಯ ಆರೋಗ್ಯ ಪಾಲಿಸಿಯಲ್ಲಿ ‘ಆಸ್ಪತ್ರೆಗೆ ದಾಖಲು’ ಎಂದರೆ ಸತತ 24 ಗಂಟೆಗಳ ಒಳರೋಗಿ ವಾಸ. ಡಯಾಲಿಸಿಸ್, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಂತಹ ಡೇ ಕೇರ್ ಚಿಕಿತ್ಸೆಗಳಿಗೆ ವಿನಾಯಿತಿಯುಂಟು. ತುರ್ತು ಘಟಕದ ಆರು ಗಂಟೆಗಳ ನಿಗಾ ಹೊರರೋಗಿ ಚಿಕಿತ್ಸೆಯ ಲೆಕ್ಕಕ್ಕೆ ಸೇರುತ್ತದೆ. ಹಾಗೆಂದು ಒಂದು ದಿನ ಪೂರ್ತಿ ಮಲಗಿದರೂ ನಿಶ್ಚಿಂತೆಯಿಲ್ಲ. ‘ಕೇವಲ ತಪಾಸಣೆಗಾಗಿ ದಾಖಲಾದದ್ದು’ ಎಂಬ ಮತ್ತೊಂದು ಷರತ್ತನ್ನು ಮುಂದೊಡ್ಡಲು ಅವಕಾಶವಿದೆ.

ಈ ನಿಯಮದ ನಿಜವಾದ ಕೇಡು ಹಣದ ನಷ್ಟವಲ್ಲ, ಅದು ಸುಳ್ಳಿಗೆ ಕೊಡುವ ಬಹುಮಾನ. ಮನೆಗೆ ಹೋಗಬಹುದಾದ ರೋಗಿ ಬಿಲ್ಲಿನ ಭಯದಿಂದ ಹಾಸಿಗೆ ಹಿಡಿದು ಮಲಗುತ್ತಾನೆ. ಬಂಧುಗಳು ದಾಖಲಾದ ವೇಳೆಯನ್ನು ಹಿಂದಕ್ಕೆ ಬರೆಯಿರೆಂದು ಗೋಗರೆಯುತ್ತಾರೆ. ಸತ್ಯವನ್ನೂ ಅಚೌರ್ಯವನ್ನೂ ವ್ರತವೆಂದು ಎಣಿಸುವ ಮನೆಗಳೂ ಈ ಆಮಿಷದಿಂದ ಹೊರತಲ್ಲ. ಇದ್ದುದನ್ನು ಇದ್ದಂತೆ ಹೇಳಿದವನು ಕೈಯಿಂದ ತೆರುತ್ತಾನೆ.

ಸಣ್ಣ ಕ್ಲೇಮುಗಳಿಗೆ ಬಾಗಿಲು ತೆರೆದರೆ ಕಂತು ಏರೀತೆಂಬುದು ಕಂಪನಿಗಳ ವಾದ. ಬೇಡದ ಒಂದು ದಿನದ ಹಾಸಿಗೆ, ಕೊಠಡಿ, ಶುಶ್ರೂಷೆಯ ಬಿಲ್ಲನ್ನು ಇಂದು ತುಂಬುತ್ತಿರುವವರು ಯಾರು? ಅದೇ ಕಂಪನಿ, ಅಂದರೆ ಅದೇ ಪಾಲಿಸಿದಾರರ ಕಂತು. ದುರುಪಯೋಗದ ಭಯವಿದ್ದರೆ ಮಿತಿ ಹಾಕಲಿ, ರೋಗಿಯೂ ಒಂದು ಪಾಲು ಭರಿಸುವಂತೆ ಮಾಡಲಿ. ಗಡಿಯಾರವನ್ನು ವೈದ್ಯನ ಸ್ಥಾನದಲ್ಲಿ ಕೂರಿಸಬೇಕಾಗಿಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಸುತ್ತೋಲೆಯಲ್ಲಿ ಕ್ಯಾಷ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದು ವಿಧಿಸಿತು. ಸ್ತುತ್ಯ ಕ್ರಮವೇ ಸರಿ. ಆದರೆ ಅದರಿಂದ 24 ಗಂಟೆಯ ಹೊಸ್ತಿಲು ಕದಲಲಿಲ್ಲ. ಆಧುನಿಕ ಚಿಕಿತ್ಸೆಯಿಂದ ರೋಗಿ ಬೇಗ ಗುಣವಾದದ್ದನ್ನೇ ನೆಪಮಾಡಿ ಪರಿಹಾರ ನಿರಾಕರಿಸಬಾರದೆಂದು ವಡೋದರಾದ ಗ್ರಾಹಕ ಆಯೋಗ 2023ರಲ್ಲಿ ತೀರ್ಪಿತ್ತಿತು. ಒಂದು ಜಿಲ್ಲೆಯ ಈ ವಿವೇಕ ದೇಶದ ನಿಯಮವಾಗಬೇಕು: ತುರ್ತು ಚಿಕಿತ್ಸೆಯ ಅಗತ್ಯವಿತ್ತೆಂದು ವೈದ್ಯರು ಬರೆದುಕೊಟ್ಟರೆ ಗಂಟೆಗಳ ಎಣಿಕೆ ಸಲ್ಲದು.

ಅಲ್ಲಿಯವರೆಗೆ ಸಮಾಜ ಸುಮ್ಮನಿರಬೇಕಿಲ್ಲ. ತೆರಿಗೆ ಉಳಿತಾಯಕ್ಕೆಂದು ಮಾರ್ಚಿನಲ್ಲಿ ಧಾವಂತದಿಂದ ಪಾಲಿಸಿ ಕೊಳ್ಳುವವರು ವಿಮಾ ಮೊತ್ತವನ್ನಷ್ಟೇ ನೋಡದೆ, ತುರ್ತು ಹೊರರೋಗಿ ಚಿಕಿತ್ಸೆಗೆ ರಕ್ಷಣೆಯಿದೆಯೇ ಎಂದು ಕೇಳಲಿ. ತಿರಸ್ಕೃತ ಕ್ಲೇಮನ್ನು ಶುಲ್ಕವಿಲ್ಲದೆ ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಬಳಿಗೆ ಒಯ್ಯಲಿ. ಸದಸ್ಯರಿಗಾಗಿ ಗುಂಪು ವಿಮೆ ಕೊಳ್ಳುವ ಸಂಘಗಳು ಈ ರಕ್ಷಣೆಯನ್ನು ಕರಾರಿನಲ್ಲೇ ಬರೆಸಲಿ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಸಾರುವ ಸಮಾಜಕ್ಕೆ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದುವುದೂ ಇಂದು ಆ ದಾನದ ಭಾಗವೇ ಆಗಿದೆ.