ಹೊಸ ಬಂಡಿಯ ಮೊದಲ ಎಣ್ಣೆ

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಹೊಸ ಮೋಟಾರ್ ಸೈಕಲ್ ಕೊಂಡ ನಾನೂ ದಿನಕ್ಕೆರಡು ಬಾರಿ ಅದರ ಮೈ ಒರೆಸಿದೆ. ಕೈಪಿಡಿ 500 ಕಿಲೋಮೀಟರಿಗೆ ವಿಧಿಸಿದ್ದ ಮೊದಲ ಸರ್ವೀಸನ್ನು ಮಾತ್ರ, ‘ಚೆನ್ನಾಗಿಯೇ ಓಡುತ್ತಿದೆಯಲ್ಲ’ ಎಂದು 1,100ರವರೆಗೆ ಮುಂದೂಡಿದೆ.

ಕೊನೆಗೆ ಮೆಕ್ಯಾನಿಕ್ ಎಂಜಿನ್ನಿನ ಎಣ್ಣೆಯನ್ನು ಬಸಿದು, ಬೆರಳ ತುದಿಯಲ್ಲಿ ಹಿಡಿದು ತೋರಿಸಿದ: ಬೆಳ್ಳಿಯ ಪುಡಿಯಂತೆ ಮಿನುಗುವ ಲೋಹದ ಕಣಗಳು! ಹೊಸ ಪಿಸ್ಟನ್ ರಿಂಗುಗಳೂ ಗಿಯರುಗಳೂ ಹೊಂದಿಕೊಳ್ಳುವಾಗ ಸವೆದು ಉದುರಿದ ಪುಡಿಯದು. ಫಿಲ್ಟರಿಗೆ ಸಿಕ್ಕದೆ ಉಳಿದದ್ದು ಎಣ್ಣೆಯೊಡನೆ ಸುತ್ತಿ ಸವೆತವನ್ನೇ ಹೆಚ್ಚಿಸುತ್ತದೆ. ಚೈನೂ ಸಡಿಲಗೊಂಡು ಜೋತಿತ್ತು. ಓಡುತ್ತಿರುವಾಗಲೇ ಕಳಚಿದ್ದರೆ ಹಿಂದಿನ ಚಕ್ರವೇ ಬಿಗಿದು ನಿಲ್ಲಬಹುದಿತ್ತು. ನಿತ್ಯವೂ ನನ್ನ ಬೆನ್ನಿಗೆ ಆತು ಕುಳಿತು ಶಾಲೆಗೆ ಬರುವವಳು ನನ್ನ ಮಗಳು.

ವಾಚಕರೇ, ಮೈಯ ಹೊಳಪು ಎರಡು ದಿನ ತಡವಾದರೂ ಸರಿಯೇ. ಮೊದಲ ಸರ್ವೀಸು ತಡವಾಗಬಾರದು.